ಕಡಲಲ್ಲಿ ನಿಂತ ಉಕ್ಕಿನ ಕಾಲು

ಪ್ರಶ್ನೆ: ಕಡಲಿನ ಗಾಳಿಯಂತ್ರಗಳು ಹೆಚ್ಚಾಗಿ ಒಂದೇ ಒಂದು ಉಕ್ಕಿನ ಕೊಳವೆಯ ಮೇಲೆ ನಿಂತಿರುತ್ತವೆ ಎಂದು ಓದಿದೆ. ಉಪ್ಪುನೀರಿನಲ್ಲಿ ಉಕ್ಕು ತುಕ್ಕು ಹಿಡಿಯುವುದು ಎಲ್ಲರಿಗೂ ಗೊತ್ತು. ಹೀಗಿದ್ದೂ ಕಾಂಕ್ರೀಟ್ ಬಿಟ್ಟು ಉಕ್ಕನ್ನೇ ಏಕೆ ಬಳಸುತ್ತಾರೆ? ಬಳಸುವುದಾದರೂ ಇನ್ನೂ ಹೆಚ್ಚು ಬಲದ ಉಕ್ಕು ತಂದು ತೂಕ ಇಳಿಸಬಾರದೇ? ಬಿರುಗಾಳಿಗೆ ಅದು ಉರುಳುವುದಿಲ್ಲವೇ? ಯಂತ್ರದ ಆಯುಸ್ಸು ಮುಗಿದ ಮೇಲೆ ಆ ಕೊಳವೆಯ ಗತಿ ಏನು?

ಉತ್ತರ: ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ಎರಡನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ. ಈ ವೃತ್ತಿಗೆ ಹೊಸಬನಾಗಿದ್ದಾಗ ನಾನು ಕೇಳಿದ್ದೂ ಅದನ್ನೇ. ಅದರ ಉತ್ತರ ಕೈಗೆ ಸಿಕ್ಕರೆ ಉಳಿದ ಮೂರರ ಗಂಟು ಸಡಿಲವಾಗುತ್ತದೆ.

ಹೆಚ್ಚು ಬಲದ ಉಕ್ಕು ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಮಾನೊಪೈಲ್ ಎಂದು ಕರೆಯುವ ಈ ಒಂಟಿ ಕೊಳವೆಗಳನ್ನು ಬಹುಮಟ್ಟಿಗೆ ಎಸ್‌355 ದರ್ಜೆಯ ಉಕ್ಕಿನಿಂದ ಮಾಡುತ್ತಾರೆ. ಸೇತುವೆಗಳಿಗೂ ದೊಡ್ಡ ಕಟ್ಟಡಗಳಿಗೂ ಬಳಸುವ ದರ್ಜೆಯೇ ಅದು. ಕಡಲಿಗೆಂದು ಅದರಲ್ಲೇ ಚಳಿಗೆ ಬಿರಿಯದ, ಬೆಸುಗೆಗೆ ಚೆನ್ನಾಗಿ ಒಗ್ಗುವ ಬಗೆಯನ್ನು ಆರಿಸಿಕೊಳ್ಳುತ್ತಾರೆ. ಇದರ ಎರಡು ಪಟ್ಟು ಬಲದ ಉಕ್ಕಿನ ಹಲಗೆಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತವೆ. ಅವನ್ನು ಮುಟ್ಟದಿರುವುದಕ್ಕೆ ಜಿಪುಣತನ ಕಾರಣವಲ್ಲ.

ಗಟ್ಟಿತನ ಬೇರೆ, ಪೆಡಸು ಬೇರೆ. ಎಷ್ಟು ಭಾರ ಹೇರಿದರೆ ಲೋಹ ಸೋಲುತ್ತದೆ ಎಂಬುದು ಗಟ್ಟಿತನ. ಸೋಲುವುದಕ್ಕೆ ಬಹಳ ಮುಂಚೆ, ಚಿಕ್ಕ ಭಾರಕ್ಕೆ ಎಷ್ಟು ಬಾಗುತ್ತದೆ ಎಂಬುದು ಪೆಡಸು. ಕುಲುಮೆಯಲ್ಲಿ ಏನೇನೋ ಬೆರೆಸಿ, ಕಾಯಿಸಿ, ತಣಿಸಿ ಉಕ್ಕಿನ ಗಟ್ಟಿತನವನ್ನು ಏರಿಸಬಹುದು. ಪೆಡಸನ್ನು ಏರಿಸಲಾಗುವುದಿಲ್ಲ. ಅಗ್ಗದ ಉಕ್ಕಾಗಲಿ ದುಬಾರಿ ಉಕ್ಕಾಗಲಿ, ಪೆಡಸನ್ನು ಅಳೆಯುವ ಅದರ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 210 ಗಿಗಾಪಾಸ್ಕಲ್‌ನಲ್ಲೇ ನಿಂತಿರುತ್ತದೆ. ನೀವು ಹೇಳಿದಂತೆ ಬಲವಾದ ಉಕ್ಕು ತಂದು ಕೊಳವೆಯ ಗೋಡೆಯನ್ನು ಅರ್ಧಕ್ಕೆ ಇಳಿಸಿದರೆ ಅದು ಮುರಿಯದೆ ಇರಬಹುದು, ಆದರೆ ಎರಡು ಪಟ್ಟು ಬಾಗುತ್ತದೆ. ಗಾಳಿಯಂತ್ರಕ್ಕೆ ತಾಳಲಾಗದ್ದು ಅದೇ.

ಏಕೆಂದರೆ ಗಾಳಿಯಂತ್ರವೆಂಬುದು ಉದ್ದ ಕೋಲಿನ ತುದಿಗೆ ನೂರಾರು ಟನ್ ಕಟ್ಟಿಟ್ಟ ಹಾಗೆ. ಅದನ್ನು ಒಮ್ಮೆ ತಳ್ಳಿ ಬಿಟ್ಟರೆ ತನ್ನದೇ ಲಯದಲ್ಲಿ ತೂಗುತ್ತದೆ. ತುಂಬಿದ ಬಕೆಟ್ ಹಿಡಿದು ನಡೆಯುವಾಗ ಹೆಜ್ಜೆಯ ಲಯವೂ ನೀರಿನ ಲಯವೂ ಕೂಡಿಬಂದರೆ ನಿಧಾನಕ್ಕೆ ನಡೆದರೂ ನೀರು ಚೆಲ್ಲುತ್ತದೆಯಲ್ಲ, ಇಲ್ಲಿಯ ಭಯವೂ ಅಂಥದ್ದೇ. ಹದಿನೈದು ಮೆಗಾವಾಟ್ ಆಸುಪಾಸಿನ ಯಂತ್ರದ ರೆಕ್ಕೆಗಳು ನಿಮಿಷಕ್ಕೆ ಸುಮಾರು 5ರಿಂದ 7.5 ಸುತ್ತು ಸುತ್ತುತ್ತವೆ ಎಂದುಕೊಳ್ಳಿ. ಅಂದರೆ ಪ್ರತಿ ಸುತ್ತಿನ ಲಯ 0.08ರಿಂದ 0.125 ಹರ್ಟ್ಜ್, ಸೆಕೆಂಡಿಗೆ ಅಷ್ಟು ಸುತ್ತು. ರೆಕ್ಕೆಗಳು ಮೂರಿರುವುದರಿಂದ ಗೋಪುರದ ಮುಂದೆ ಒಂದೊಂದು ರೆಕ್ಕೆ ಹಾಯುವ ಲಯ ಇದರ ಮೂರು ಪಟ್ಟು, 0.25ರಿಂದ 0.375. ಕೊಳವೆಯೂ ಗೋಪುರವೂ ಸೇರಿದ ಇಡೀ ರಚನೆಯ ಸಹಜ ಲಯ ಈ ಎರಡೂ ಪಟ್ಟಿಗಳನ್ನು ತಪ್ಪಿಸಿಕೊಂಡು ನಡುವಿನ ಕಿಂಡಿಯಲ್ಲಿ ಕೂರಬೇಕು. ವಿನ್ಯಾಸಗಾರರ ಬಹುಪಾಲು ಹೆಣಗಾಟ ಈ ಕಿಂಡಿಗಾಗಿ. ಯಂತ್ರ ದೊಡ್ಡದಾದಂತೆಲ್ಲ ರೆಕ್ಕೆ ನಿಧಾನವಾಗುತ್ತದೆ, ಕಿಂಡಿ ಕೆಳಗಿಳಿದು ಕಿರಿದಾಗುತ್ತದೆ.

ಆ ಕಿಂಡಿಯೂ ನಿರಾತಂಕದ ಜಾಗವೇನಲ್ಲ. ಸಹಜ ಲಯ 0.18 ಹರ್ಟ್ಜ್ ಎಂದರೆ ಐದೂವರೆ ಸೆಕೆಂಡಿಗೊಂದು ತೂಗಾಟ. ಬಿರುಗಾಳಿ ಎಬ್ಬಿಸುವ ದೊಡ್ಡ ಅಲೆಗಳು ಹತ್ತು ಸೆಕೆಂಡಿಗೂ ಹೆಚ್ಚು ಅಂತರದಲ್ಲಿ ಬರುತ್ತವೆ. ಐದಾರು ಸೆಕೆಂಡಿಗೊಂದರಂತೆ ಬರುವವು ಯಾವ ಸುದ್ದಿಯೂ ಆಗದ, ಒಂದೆರಡು ಮೀಟರ್ ಎತ್ತರದ ದಿನನಿತ್ಯದ ಅಲೆಗಳು. ಯಂತ್ರದ ಲಯಕ್ಕೆ ತಾಳ ಹಾಕುವವು ಇವೇ. ಇಲ್ಲೊಂದು ವಿಚಿತ್ರವಿದೆ. ಯಂತ್ರ ತಿರುಗುತ್ತಿರುವಾಗ ರೆಕ್ಕೆಗಳ ಮೇಲಿನ ಗಾಳಿಯೇ ಆ ತೂಗಾಟಕ್ಕೆ ಬ್ರೇಕ್ ಹಾಕುತ್ತದೆ. ದುರಸ್ತಿಗೆಂದು ಯಂತ್ರವನ್ನು ನಿಲ್ಲಿಸಿದರೆ ಬ್ರೇಕೂ ಹೋಯಿತು. ಸುಮ್ಮನೆ ನಿಂತ ಯಂತ್ರದ ಕಾಲು, ದುಡಿಯುವ ಯಂತ್ರದ ಕಾಲಿಗಿಂತ ಬೇಗ ಸವೆಯಬಹುದು. ಹಾಗಾಗಿ ವರ್ಷದಲ್ಲಿ ಎಷ್ಟು ಹೊತ್ತು ಯಂತ್ರ ಬಿಡುವಾಗಿರುತ್ತದೆ ಎಂಬ ಅಂದಾಜು ಬುನಾದಿಯ ಲೆಕ್ಕದೊಳಗೆ ಬರುತ್ತದೆ. ಇದನ್ನು ಹೇಳಿದರೆ ಹೊರಗಿನವರು ನಂಬುವುದೇ ಇಲ್ಲ.

ನಿಮ್ಮ ಮೂರನೆಯ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಐವತ್ತು ವರ್ಷಕ್ಕೊಮ್ಮೆ ಬರಬಹುದಾದ ಬಿರುಗಾಳಿಯನ್ನೂ ಅದರ ಅತಿ ಎತ್ತರದ ಅಲೆಯನ್ನೂ ತಾಳುತ್ತದೆಯೇ ಎಂದು ಪರೀಕ್ಷಿಸದೆ ಯಾರೂ ಕೊಳವೆಯನ್ನು ಕಡಲಿಗೆ ಇಳಿಸುವುದಿಲ್ಲ. ಆದರೆ ಯಂತ್ರದ ಮೇಲೆ ಗಾಳಿಯ ನೂಕು ಅತಿ ಹೆಚ್ಚಾಗುವುದು ಬಿರುಗಾಳಿಯಲ್ಲಲ್ಲ. ಸೆಕೆಂಡಿಗೆ ಸುಮಾರು 11 ಮೀಟರ್ ವೇಗದ, ಯಂತ್ರ ಆಗಷ್ಟೇ ತನ್ನ ಪೂರ್ಣ ಸಾಮರ್ಥ್ಯ ಮುಟ್ಟುವ ಗಾಳಿಯಲ್ಲಿ. ಅದಕ್ಕಿಂತ ಗಾಳಿ ಜೋರಾದರೆ ರೆಕ್ಕೆಗಳು ತಮ್ಮ ಅಕ್ಷದ ಮೇಲೆ ಹೊರಳಿ ಗಾಳಿಯನ್ನು ಜಾರಲು ಬಿಡುತ್ತವೆ. ಬಿರುಗಾಳಿಯ ದಿನ ಅವು ಕತ್ತಿಯ ಅಲಗಿನಂತೆ ಗಾಳಿಗೆ ಅಂಚು ತೋರಿಸಿ ನಿಂತಿರುತ್ತವೆ. ಆ ದಿನ ಕಾಲಿಗೆ ಕಷ್ಟ ಬರುವುದು ಹೆಚ್ಚಾಗಿ ನೀರಿನಿಂದ. ಒಟ್ಟಿನಲ್ಲಿ ಹಲವು ಯೋಜನೆಗಳಲ್ಲಿ ಕೊಳವೆಯ ದಪ್ಪವನ್ನು ನಿರ್ಧರಿಸುವುದು ಆ ಒಂದು ಭಯಂಕರ ರಾತ್ರಿಯಲ್ಲ, ಇಪ್ಪತ್ತೈದು ವರ್ಷಗಳ ಸಾಮಾನ್ಯ ದಿನಗಳು. ಐದು ಸೆಕೆಂಡಿಗೊಂದು ತೂಗಾಟವಾದರೆ 25 ವರ್ಷಕ್ಕೆ ಸುಮಾರು 16 ಕೋಟಿ ತೂಗಾಟ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಬಗ್ಗಿಸಿ ತುಂಡು ಮಾಡುತ್ತೀರಲ್ಲ, ಅದೇ ಲೋಹದ ದಣಿವು ಇಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾಗಿ ನಡೆಯುತ್ತದೆ.

ದಣಿವು ಮೊದಲು ತಾಕುವುದು ಹಲಗೆಗಲ್ಲ, ಬೆಸುಗೆಗೆ. ಕಾರ್ಖಾನೆಯಲ್ಲಿ ದಪ್ಪ ಹಲಗೆಯನ್ನು ಉರುಳೆಗಳ ನಡುವೆ ಬಗ್ಗಿಸಿ ಉಂಗುರ ಮಾಡುತ್ತಾರೆ, ಉದ್ದಕ್ಕೆ ಬೆಸೆಯುತ್ತಾರೆ, ಬಳಿಕ ಉಂಗುರಕ್ಕೆ ಉಂಗುರವನ್ನು ಸುತ್ತಲೂ ಬೆಸೆದು ಕೊಳವೆಯನ್ನು ಬೆಳೆಸುತ್ತಾರೆ. ಪಕ್ಕಪಕ್ಕದ ಉಂಗುರಗಳ ಉದ್ದದ ಬೆಸುಗೆಗಳು ಒಂದೇ ಸಾಲಿಗೆ ಬಾರದಂತೆ ಎಚ್ಚರ ವಹಿಸುತ್ತಾರೆ. ಬೆಸೆದ ಕೂಡಲೇ ಅಲ್ಟ್ರಾಸೌಂಡ್ ಹಿಡಿದು ಹೋದರೆ ಪ್ರಯೋಜನ ಕಡಿಮೆ. ಬೆಸುಗೆಯೊಳಗೆ ಸಿಕ್ಕಿಕೊಂಡ ಹೈಡ್ರೋಜನ್ ಗಂಟೆಗಳು ಕಳೆದ ಮೇಲೆ ಬಿರುಕು ತೆರೆಯುವುದುಂಟು, ಹಾಗಾಗಿ ಕಾದು ಪರೀಕ್ಷಿಸುತ್ತಾರೆ. ಇಷ್ಟೆಲ್ಲ ಮಾಡಿದರೂ ಬೆಸುಗೆಯ ಅಂಚಿನಲ್ಲಿ ಒಂದು ಸಣ್ಣ ಮೆಟ್ಟಿಲು ಉಳಿದೇ ಉಳಿಯುತ್ತದೆ. ಬಿರುಕು ಹುಟ್ಟುವುದು ಅಲ್ಲಿ. ಬಲವಾದ ಉಕ್ಕು ತಂದರೂ ಆ ಮೆಟ್ಟಿಲು ಮಾಯವಾಗುವುದಿಲ್ಲ. ಅದಕ್ಕೇ ವಿನ್ಯಾಸದ ನಿಯಮಗಳು ಬೆಸೆದ ಉಕ್ಕಿಗೆ, ಅದರ ದರ್ಜೆ ಯಾವುದೇ ಇರಲಿ, ಒಂದೇ ದಣಿವಿನ ರೇಖೆಯನ್ನು ಕೊಡುತ್ತವೆ. ಆ ರೇಖೆಯ ಕಡಿದಾದ ಭಾಗದಲ್ಲಿ ಒತ್ತಡ ದುಪ್ಪಟ್ಟಾದರೆ ಆಯುಸ್ಸು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ದುಬಾರಿ ಉಕ್ಕು ಕೊಂಡು ಗೋಡೆ ತೆಳುಮಾಡಿದವರಿಗೆ ಸಿಗುವ ಬಹುಮಾನ ಇದು. ಏಣಿಯನ್ನೋ ಕೊಂಡಿಯನ್ನೋ ಕೊಳವೆಯ ಮೈಗೆ ನೇರವಾಗಿ ಬೆಸೆಯಲು ನಾವು ಹಿಂದೆಮುಂದೆ ನೋಡುವುದೂ ಇದೇ ಕಾರಣಕ್ಕೆ. ಅಂಗೈಯಗಲದ ಕೊಂಡಿಯ ಬೆಸುಗೆಯಿಂದ ಇಡೀ ಕೊಳವೆಯ ಆಯುಸ್ಸು ಕುಸಿಯಬಲ್ಲದು.

ಹಾಗಾದರೆ ದಾರಿ ಯಾವುದು? ಕೊಳವೆಯನ್ನು ಅಗಲ ಮಾಡುವುದು. ಗೋಡೆಯ ದಪ್ಪ ಹಾಗೆಯೇ ಇಟ್ಟು ವ್ಯಾಸವನ್ನು ದುಪ್ಪಟ್ಟು ಮಾಡಿದರೆ ಉಕ್ಕು ಎರಡು ಪಟ್ಟು ಬೇಕು, ಪೆಡಸು ಎಂಟು ಪಟ್ಟು ಸಿಗುತ್ತದೆ. ಇಷ್ಟು ಲಾಭದ ವ್ಯಾಪಾರ ಎಂಜಿನಿಯರಿಂಗ್‌ನಲ್ಲಿ ಅಪರೂಪ. 1994ರಲ್ಲಿ ನೆದರ್ಲೆಂಡ್ಸ್‌ನ ಐಸೆಲ್‌ಮೇರ್ ಸರೋವರದಲ್ಲಿ, ಲೇಲಿ ಎಂಬಲ್ಲಿ, 500 ಕಿಲೋವಾಟ್‌ನ ನಾಲ್ಕು ಯಂತ್ರಗಳನ್ನು ಮಾನೊಪೈಲ್‌ಗಳ ಮೇಲೆ ನಿಲ್ಲಿಸಿದರು. 2002ರಲ್ಲಿ ಡೆನ್ಮಾರ್ಕ್‌ನ ಹಾರ್ನ್ಸ್ ರೆವ್‌ನಲ್ಲಿ 2 ಮೆಗಾವಾಟ್‌ನ 80 ಯಂತ್ರಗಳಿಗೆ ನಾಲ್ಕು ಮೀಟರ್ ವ್ಯಾಸ ಸಾಕಾಯಿತು. ಇಂದು ಎಂಟು, ಹತ್ತು ಮೀಟರ್ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಎಂಟು ಮೀಟರ್ ವ್ಯಾಸ, 80 ಮಿಲಿಮೀಟರ್ ಗೋಡೆಯ ಕೊಳವೆ ಮೀಟರ್ ಉದ್ದಕ್ಕೆ ಸುಮಾರು 16 ಟನ್ ತೂಗುತ್ತದೆ. 80 ಮೀಟರ್ ಉದ್ದವಿದ್ದರೆ ಸಾವಿರದ ಇನ್ನೂರು ಟನ್ ದಾಟಿತು. ಇದರ ಎರಡೂ ಬಾಯಿಗೆ ಮುಚ್ಚಳ ಹಾಕಿ ನೀರಿಗೆ ಬಿಟ್ಟರೆ ಮುಳುಗುವುದಿಲ್ಲ. ಅದು ತಳ್ಳಬಲ್ಲ ನೀರಿನ ತೂಕ ಮೀಟರಿಗೆ ಐವತ್ತು ಟನ್. ಹೀಗೆ ಮುಚ್ಚಿ, ದೋಣಿಗೆ ಕಟ್ಟಿ ಎಳೆದುಕೊಂಡು ಹೋದದ್ದೂ ಉಂಟು.

ಅಗಲಕ್ಕೂ ಮಿತಿಯಿದೆ. ದೊಡ್ಡ ಕೊಳವೆಯ ಮೇಲೆ ಅಲೆಯ ಬಲ ಸುಮಾರಾಗಿ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗೋಡೆ ವ್ಯಾಸದ ನೂರನೆಯ ಒಂದು ಭಾಗಕ್ಕಿಂತ ತೀರಾ ತೆಳುವಾದರೆ ಕೊಳವೆಯನ್ನು ಕಡಲತಳಕ್ಕೆ ಬಡಿದು ಇಳಿಸುವಾಗ ಸುತ್ತಿಗೆ ಏಟಿಗೆ ಅಂಚು ನಜ್ಜುಗುಜ್ಜಾಗುವ ಭಯ, ತಳದಲ್ಲಿ ಬಂಡೆ ಎದುರಾದರಂತೂ ಇನ್ನೂ ಹೆಚ್ಚು.

ಈಗ ತುಕ್ಕಿನ ವಿಷಯ. ತುಕ್ಕು ಎಲ್ಲ ಕಡೆ ಒಂದೇ ಸಮನೆ ಹಿಡಿಯುವುದಿಲ್ಲ. ಸದಾ ಮುಳುಗಿರುವ ಭಾಗ ಅಷ್ಟು ತೊಂದರೆ ಕೊಡುವುದಿಲ್ಲ. ಅಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿಗಳನ್ನು ವಿದ್ಯುತ್ ಸಂಪರ್ಕ ಬರುವಂತೆ ಜೋಡಿಸಿಡುತ್ತಾರೆ. ಉಕ್ಕಿಗಿಂತ ಮೊದಲು ಅವು ಕರಗಿ ಉಕ್ಕನ್ನು ಕಾಯುತ್ತವೆ. ಇಲ್ಲವೇ ಹೊರಗಿನಿಂದ ಸಣ್ಣ ವಿದ್ಯುತ್ ಹರಿಸಿ ಅದೇ ಕೆಲಸ ಮಾಡಿಸುತ್ತಾರೆ. ಕೆಟ್ಟ ಜಾಗವೆಂದರೆ ಅಲೆ ಎರಚುವ ಪಟ್ಟಿ. ಅಲ್ಲಿ ಉಕ್ಕು ಒದ್ದೆಯಾಗುತ್ತದೆ, ಒಣಗುತ್ತದೆ, ಆಮ್ಲಜನಕ ಬೇಕಾದಷ್ಟಿರುತ್ತದೆ, ಮುಳುಗಿಲ್ಲದ್ದರಿಂದ ಆ ಗಟ್ಟಿಗಳ ರಕ್ಷಣೆ ತಲುಪುವುದಿಲ್ಲ. ಅಲ್ಲಿ ಬಣ್ಣದ ದಪ್ಪ ಲೇಪನವೇ ಗತಿ, ಜೊತೆಗೆ ತುಕ್ಕು ತಿನ್ನಲೆಂದು ಕೆಲವು ಮಿಲಿಮೀಟರ್ ಹೆಚ್ಚುವರಿ ಉಕ್ಕು.

ನಮ್ಮ ಕ್ಷೇತ್ರಕ್ಕೆ ಮುಜುಗರ ತಂದದ್ದು ಹೊರಮೈಯಲ್ಲ, ಒಳಮೈ. ಆರಂಭದ ಮಾನೊಪೈಲ್‌ಗಳ ಒಳಗಿನ ನೀರು ಮುಚ್ಚಿದ ಡಬ್ಬಿಯಲ್ಲಿದ್ದಂತೆ, ಅಲ್ಲಿನ ಆಮ್ಲಜನಕ ಬೇಗ ಮುಗಿಯುತ್ತದೆ, ತುಕ್ಕು ತಾನಾಗಿ ನಿಲ್ಲುತ್ತದೆ ಎಂದು ಲೆಕ್ಕ ಹಾಕಿದ್ದರು. ಹಾಗಾಗಿ ಒಳಗೆ ಲೇಪನವೂ ಇಲ್ಲ, ರಕ್ಷಣೆಯೂ ಇಲ್ಲ. ಆದರೆ ವಿದ್ಯುತ್ ಕೇಬಲ್ ಒಳಬರುವ ತೂತಿನ ಬಿರಡೆ ಸೋರಿತು, ಉಬ್ಬರವಿಳಿತದ ಜೊತೆಗೆ ಹೊಸ ನೀರು ಒಳಗೆ ಬಂದು ಹೋಗತೊಡಗಿತು. ಸರಿ, ಒಳಗೂ ಅಲ್ಯೂಮಿನಿಯಂ ಗಟ್ಟಿ ತೂಗುಹಾಕೋಣ ಎಂದರು. ನಿಂತ ನೀರಿನಲ್ಲಿ ಅದು ಕರಗಿದಂತೆ ನೀರು ಆಮ್ಲೀಯವಾಯಿತು, ಮುಚ್ಚಿದ ಜಾಗದಲ್ಲಿ ಹೈಡ್ರೋಜನ್ ಅನಿಲ ಕೂಡಿಕೊಳ್ಳುವ ಅಪಾಯ ಬಂತು. ಕೊನೆಗೆ ಈಗ ಹಲವು ವಿನ್ಯಾಸಗಳಲ್ಲಿ ಗೋಡೆಗೆ ಉದ್ದೇಶಪೂರ್ವಕವಾಗಿ ಕಿಂಡಿ ಕೊರೆದು ನೀರು ಹರಿದಾಡಲು ಬಿಡುತ್ತಾರೆ! ಮುಚ್ಚಿಡಲು ಹೊರಟವರು ತೆರೆದಿಡುವಲ್ಲಿಗೆ ಬಂದು ತಲುಪಿದೆವು. ಇದರ ತೂಕ ಅರ್ಥವಾಗಬೇಕಾದರೆ ಮತ್ತೆ ದಣಿವಿಗೆ ಮರಳಬೇಕು. ರಕ್ಷಣೆಯಲ್ಲಿರುವ ಉಕ್ಕು ಚಿಕ್ಕಪುಟ್ಟ ತೂಗಾಟಗಳನ್ನು ಹೆಚ್ಚು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಉಪ್ಪುನೀರಿನಲ್ಲಿ ಬರಿಮೈಯಲ್ಲಿ ತುಕ್ಕು ಹಿಡಿಯುತ್ತಿರುವ ಉಕ್ಕಿಗೆ ಆ ಔದಾರ್ಯವಿರುವುದಿಲ್ಲ, ಪ್ರತಿಯೊಂದು ಸಣ್ಣ ಅಲೆಯೂ ಬಿರುಕಿಗೆ ಒಂದಿಷ್ಟು ಸೇರಿಸುತ್ತದೆ. ತುಕ್ಕು ಗೋಡೆಯನ್ನು ತಿಂದು ತೂತು ಮಾಡುತ್ತದೆ ಎಂಬುದಲ್ಲ ಭಯ, ದಣಿವಿನ ಜೊತೆ ಕೈಜೋಡಿಸುತ್ತದೆ ಎಂಬುದು.

ಇನ್ನೊಂದು ಮುಜುಗರವನ್ನೂ ಹೇಳಿಬಿಡುತ್ತೇನೆ. ನೆಲಕ್ಕೆ ಬಡಿದ ಕೊಳವೆ ಅಷ್ಟಿಷ್ಟು ವಾಲಿರುತ್ತದೆ. ಆ ವಾಲನ್ನು ಸರಿಪಡಿಸಲು ಅದರ ತಲೆಯ ಮೇಲೆ ಇನ್ನೊಂದು ಗಿಡ್ಡ ಕೊಳವೆಯನ್ನು ಟೋಪಿಯಂತೆ ಕೂರಿಸಿ, ನಡುವಿನ ಸಂದಿಗೆ ಗ್ರೌಟ್ ಎಂಬ ಸಿಮೆಂಟ್ ಗಾರೆ ಸುರಿಯುತ್ತಿದ್ದರು. ಗಾರೆ ಮತ್ತು ಉಕ್ಕಿನ ಹಿಡಿತವೇ ಸಾವಿರಾರು ಕಿಲೋನ್ಯೂಟನ್ ಭಾರ ಹೊರಬೇಕು. ತೈಲ ವೇದಿಕೆಗಳ ತೆಳು ಕೊಳವೆಗಳಲ್ಲಿ ಇದು ದಶಕಗಳ ಕಾಲ ನಡೆದಿತ್ತು. ಆದರೆ 2009–10ರ ಹೊತ್ತಿಗೆ ಉತ್ತರ ಸಮುದ್ರದ ಹಲವು ಕಡೆ ಟೋಪಿಗಳು ನಿಧಾನವಾಗಿ ಕೆಳಗೆ ಜಾರುತ್ತಿರುವುದು ಕಂಡುಬಂತು. ತೈಲ ವೇದಿಕೆಯ ಕೊಳವೆಗಳು ಮುಖ್ಯವಾಗಿ ನೇರ ಭಾರ ಹೊರುತ್ತವೆ, ಗಾಳಿಯಂತ್ರದ ಕೊಳವೆ ಎಡೆಬಿಡದೆ ಅತ್ತಿತ್ತ ಬಾಗುತ್ತದೆ. ಆ ಬಾಗುವಿಕೆ ನಯವಾದ ಸಂದಿಯಲ್ಲಿ ಗಾರೆಯ ಹಿಡಿತವನ್ನು ಬಿಡಿಸಿತ್ತು. ಬಳಿಕ ಸಂದಿಯನ್ನು ಶಂಕುವಿನಾಕಾರ ಮಾಡಿದರು, ಕೆಲವೆಡೆ ಮೈಗೆ ಅಡ್ಡ ಏಣುಗಳನ್ನು ಬೆಸೆದರು. ಈಗ ದಪ್ಪ ಅಂಚುಗಳನ್ನು ದೊಡ್ಡ ಬೋಲ್ಟ್‌ಗಳಿಂದ ಬಿಗಿಯುವುದೇ ಹೆಚ್ಚು, ಅದಕ್ಕಾಗಿ ಮೊದಲ ಬಡಿತದಿಂದಲೇ ಕೊಳವೆಯನ್ನು ಬಹಳ ನೆಟ್ಟಗೆ ಇಳಿಸಬೇಕಾಗುತ್ತದೆ.

ಉಕ್ಕಿನ ಬಗ್ಗೆಯೇ ಇಷ್ಟು ಮಾತಾಡಿದೆ. ನಿಜಕ್ಕೂ ಕೊಳವೆಯನ್ನು ಹಿಡಿದು ನಿಲ್ಲಿಸುವುದು ಮಣ್ಣು. ತೈಲ ಉದ್ಯಮದಿಂದ ಬಂದ ಹಳೆಯ ಲೆಕ್ಕದ ಸೂತ್ರಗಳ ಮೂಲ ಅರುವತ್ತು ಸೆಂಟಿಮೀಟರ್ ಆಸುಪಾಸಿನ ವ್ಯಾಸದ, ಉದ್ದನೆಯ ತೆಳು ಕೊಳವೆಗಳ ಮೇಲೆ ನಡೆಸಿದ ಪರೀಕ್ಷೆಗಳಲ್ಲಿದೆ. ಎಂಟು ಮೀಟರ್ ವ್ಯಾಸದ, ಮೂವತ್ತು ಮೀಟರ್ ಮಾತ್ರ ಹೂತ ಮಾನೊಪೈಲ್ ಅಂಥದ್ದಲ್ಲ. ಅದು ನೆಲದೊಳಗೆ ಬಳುಕುವುದಕ್ಕಿಂತ ಗೂಟದಂತೆ ಇಡಿಯಾಗಿ ತಿರುಗಲು ನೋಡುತ್ತದೆ, ತಳದ ಮಣ್ಣೂ ಸುತ್ತಲಿನ ಘರ್ಷಣೆಯೂ ಅದನ್ನು ತಡೆಯುತ್ತವೆ. ಹಳೆಯ ಸೂತ್ರ ಇದನ್ನು ಕಾಣುತ್ತಿರಲಿಲ್ಲ. 2013ರಲ್ಲಿ ಶುರುವಾದ ‘ಪಿಸಾ’ ಎಂಬ ಜಂಟಿ ಯೋಜನೆಯಲ್ಲಿ ಆಕ್ಸ್‌ಫರ್ಡ್, ಇಂಪೀರಿಯಲ್ ಕಾಲೇಜು ಮತ್ತು ಡಬ್ಲಿನ್‌ನ ಸಂಶೋಧಕರು ಇಂಗ್ಲೆಂಡಿನ ಕೌಡನ್‌ನ ಜೇಡಿಮಣ್ಣಿನಲ್ಲೂ ಫ್ರಾನ್ಸಿನ ಡಂಕರ್ಕ್‌ನ ಮರಳಿನಲ್ಲೂ ಎರಡು ಮೀಟರ್‌ವರೆಗಿನ ವ್ಯಾಸದ ಕೊಳವೆಗಳನ್ನು ಎಳೆದು ನೋಡಿದರು. ನೆಲ ನಾವು ನಂಬಿದ್ದಕ್ಕಿಂತ ಪೆಡಸಾಗಿತ್ತು. ಹಳೆಯ ಸೂತ್ರವನ್ನು ನಂಬಿ ವರ್ಷಗಟ್ಟಲೆ ಕಡಲತಳಕ್ಕೆ ಬೇಕಿಲ್ಲದ ಉಕ್ಕು ಹೂತಿದ್ದೆವು ಎಂದಾಯಿತು. ನೀವು ಕೇಳಿದ ತೂಕದ ಉಳಿತಾಯ ಬಂದದ್ದು ಹೀಗೆ, ದುಬಾರಿ ಉಕ್ಕಿನಿಂದಲ್ಲ, ಮಣ್ಣನ್ನು ಸರಿಯಾಗಿ ಓದಿದ್ದರಿಂದ.

ಆ ಮಣ್ಣು ಇದ್ದಲ್ಲಿ ಇರಬೇಕು ಎಂಬುದೂ ಒಂದು ಚಿಂತೆ. ಪ್ರವಾಹಕ್ಕೆ ಕೊಳವೆ ಅಡ್ಡ ನಿಂತಾಗ ಬುಡದಲ್ಲಿ ಸುಳಿಯೆದ್ದು ಮರಳನ್ನು ತೋಡುತ್ತದೆ. ಮರಳು ತಳದಲ್ಲಿ ಈ ಕೊರೆತ ವ್ಯಾಸದ 1.3 ಪಟ್ಟು ಆಳಕ್ಕೆ ಹೋಗಬಹುದೆಂದು ಲೆಕ್ಕ ಹಿಡಿಯುವುದು ರೂಢಿ. ಎಂಟು ಮೀಟರ್ ಕೊಳವೆಗೆ ಹತ್ತು ಮೀಟರ್ ಹೊಂಡ! ಕಾಲು ಅಷ್ಟು ಉದ್ದವಾಯಿತು, ಲಯ ಇಳಿಯಿತು, ಕಷ್ಟಪಟ್ಟು ಕೂರಿಸಿದ ಕಿಂಡಿ ತಪ್ಪಿತು. ಆದ್ದರಿಂದ ಬುಡಕ್ಕೆ ಜಲ್ಲಿಯ ಪದರ ಹಾಸಿ ಮೇಲೆ ಕಲ್ಲು ಹೇರುತ್ತಾರೆ.

ನಿಮ್ಮ ಮೊದಲ ಪ್ರಶ್ನೆಗೆ ಬಂದರೆ, ಕಾಂಕ್ರೀಟ್ ಸೋತಿಲ್ಲ. ಜಗತ್ತಿನ ಮೊದಲ ಕಡಲ ಗಾಳಿ ವಿದ್ಯುತ್ ಕೇಂದ್ರ, 1991ರ ಡೆನ್ಮಾರ್ಕ್‌ನ ವಿಂಡೆಬಿ, ನಿಂತದ್ದು ಕಾಂಕ್ರೀಟ್ ಬುನಾದಿಯ ಮೇಲೆ. ಕೊಳವೆ ಬಡಿಯಲು ಒಗ್ಗದ ತಳವಿರುವ ಫ್ರಾನ್ಸಿನ ಫೆಕಾಂನಲ್ಲಿ 71 ಯಂತ್ರಗಳು ಈಗಲೂ ಕಾಂಕ್ರೀಟಿನ ಮೇಲಿವೆ. ಆದರೆ ಕಾಂಕ್ರೀಟ್ ಬುನಾದಿ ತನ್ನ ತೂಕದಿಂದಲೇ ನಿಲ್ಲಬೇಕು. ಅಂದರೆ ಸಾವಿರಾರು ಟನ್, ಅದನ್ನು ಎರಕ ಹೊಯ್ಯಲು ವಿಶಾಲ ಬಂದರು, ಕೂರಿಸಲು ಹದಮಾಡಿದ ಸಮತಟ್ಟು ತಳ. ಉಕ್ಕಿನ ಕೊಳವೆಯನ್ನು ಮೆದು ನೆಲದಲ್ಲಿ ಕೆಲವೇ ಗಂಟೆಗಳಲ್ಲಿ ಬಡಿದು ಮುಗಿಸಬಹುದು. ಕಡಲಲ್ಲಿ ಹಡಗಿನ ದಿನದ ಬಾಡಿಗೆಯೇ ಕೊನೆಯ ಮಾತು ಆಡುತ್ತದೆ. ಬಡಿತಕ್ಕೂ ಒಂದು ಬೆಲೆಯಿದೆ. ಆ ಸದ್ದು ಡಾಲ್ಫಿನ್ನಿನ ನೆಂಟನಾದ ಪೋರ್ಪಾಯಿಸ್‌ನಂಥ, ಕಿವಿಯಿಂದಲೇ ಬದುಕುವ ಜೀವಿಗಳಿಗೆ ಹಿಂಸೆ. ಜರ್ಮನಿ 750 ಮೀಟರ್ ದೂರದಲ್ಲಿ 160 ಡೆಸಿಬೆಲ್ ಮಿತಿ ಹಾಕಿದೆ. ಕೊಳವೆಯ ಸುತ್ತ ತಳದಿಂದ ಗಾಳಿಗುಳ್ಳೆಗಳ ಪರದೆ ಎಬ್ಬಿಸಿ ಸದ್ದನ್ನು ತಗ್ಗಿಸುತ್ತಾರೆ.

ನೀರು ತೀರಾ ಆಳವಾದರೆ ಒಂಟಿ ಕಾಲು ಸಾಲದು. ಆಗ ಮೂರು ನಾಲ್ಕು ಕಾಲಿನ ಜಾಲರಿ, ಅಂದರೆ ಜಾಕೆಟ್. ಸ್ಕಾಟ್ಲೆಂಡಿನ ಬಿಯಾಟ್ರಿಸ್‌ನಲ್ಲಿ 2007ರಲ್ಲಿ 45 ಮೀಟರ್ ಆಳದಲ್ಲಿ ಎರಡು ಯಂತ್ರಗಳನ್ನು ಹೀಗೆ ನಿಲ್ಲಿಸಿ ನೋಡಿದರು. ಅದೇ ದೇಶದ ಸೀಗ್ರೀನ್‌ನಲ್ಲಿ ಸುಮಾರು 59 ಮೀಟರ್ ಆಳಕ್ಕೂ ಜಾಕೆಟ್ ಇಳಿದಿದೆ. ಅಲ್ಲಿ ಕಾಲಿನಡಿ ಬೋರಲು ಹಾಕಿದ ಉಕ್ಕಿನ ಬಕೆಟ್‌ಗಳಿವೆ. ಒಳಗಿನ ನೀರನ್ನು ಪಂಪ್ ಮಾಡಿ ತೆಗೆದರೆ ಅವು ಸುತ್ತಿಗೆಯಿಲ್ಲದೆ ನೆಲಕ್ಕೆ ಇಳಿಯುತ್ತವೆ. ಜಾಕೆಟ್‌ಗೆ ಉಕ್ಕು ಕಡಿಮೆ ಸಾಕು, ಬೆಸುಗೆ ಮಾತ್ರ ವಿಪರೀತ, ಒಂದೊಂದು ಕೀಲೂ ಕೈಕೆಲಸ. ಕಾರ್ಖಾನೆಗಳು ಆದಷ್ಟು ಆಳದವರೆಗೂ ದೈತ್ಯ ಕೊಳವೆಯನ್ನೇ ನೆಚ್ಚಿಕೊಳ್ಳುವುದು ಇದಕ್ಕೇ. ನೂರು ಮೀಟರ್ ಆಸುಪಾಸಿನಲ್ಲಿ ನೆಲದ ಹಂಗೇ ಬೇಡವೆಂದು ತೇಲಿಸುತ್ತಾರೆ, 2017ರ ಹೈವಿಂಡ್ ಸ್ಕಾಟ್ಲೆಂಡ್‌ನ ಐದು ಯಂತ್ರಗಳಂತೆ. ಅದರ ಕಥೆಯೇ ಬೇರೆ.

ಕೊನೆಯ ಪ್ರಶ್ನೆ ಉಳಿಯಿತು. ಆಯುಸ್ಸು ಮುಗಿಯಿತೆಂದರೆ ಲೆಕ್ಕದ ಆಯುಸ್ಸು ಮುಗಿಯಿತೆಂದೇ ಹೊರತು ಕೊಳವೆ ಮುರಿಯಿತೆಂದಲ್ಲ. ಗೋಡೆಗೆ ಅಂಟಿಸಿದ ಮಾಪಕಗಳ ದಾಖಲೆ ನೋಡಿ, ವಾಸ್ತವದ ತೂಗಾಟ ಲೆಕ್ಕಕ್ಕಿಂತ ಕಡಿಮೆ ಇದ್ದಿದ್ದರೆ ಇನ್ನಷ್ಟು ವರ್ಷ ಓಡಿಸಬಹುದು. ಓಡಿಸದಿದ್ದರೆ, ಕೊಳವೆಯೊಳಗೆ ಯಂತ್ರ ಇಳಿಸಿ, ಮರಳುಕಣ ಬೆರೆತ ಅತಿ ಒತ್ತಡದ ನೀರಿನ ಧಾರೆಯಿಂದ ಕಡಲತಳಕ್ಕಿಂತ ಸ್ವಲ್ಪ ಕೆಳಗೆ ಸುತ್ತಲೂ ಕೊಯ್ದು, ಮೇಲಿನದನ್ನು ಎತ್ತಿ ಕುಲುಮೆಗೆ ಕಳಿಸುತ್ತಾರೆ. ಎಸ್‌355 ಉಕ್ಕು ಕರಗಿಸಲು ಯಾವ ತಕರಾರೂ ಮಾಡುವುದಿಲ್ಲ. ಕೆಳಗಿನ ಇಪ್ಪತ್ತು ಮೂವತ್ತು ಮೀಟರ್ ಮಣ್ಣಿನಲ್ಲೇ ಉಳಿಯುತ್ತದೆ. ಅದನ್ನೂ ಕಂಪಿಸಿ ಸಡಿಲಿಸಿ ಇಡಿಯಾಗಿ ಕಿತ್ತು ತೆಗೆಯುವ ವಿಧಾನಗಳ ಮೇಲೆ ಕೆಲಸ ನಡೆದಿದೆ. ಇಪ್ಪತ್ತೈದು ವರ್ಷ ಅಲುಗದಿರಲೆಂದು ಬಡಿದದ್ದನ್ನು ಈಗ ಅಲುಗಿಸಬೇಕು, ಅದಕ್ಕೆ ಮತ್ತೆ ಮಣ್ಣಿನ ಲೆಕ್ಕದಿಂದಲೇ ಶುರುಮಾಡಬೇಕಾಗುತ್ತದೆ.